ಕಣ್ಣಿನ ಗುಳಿ ತುಂಬಿಸಿಕೊಂಡ ವರ್ಷ

ಫೋಟೋ ತೆಗೆಯಲು ಬಂದವನು ನನ್ನ ಮುಖವನ್ನು ಒಮ್ಮೆ ಕ್ಯಾಮೆರಾದ ಒಳಗಿನಿಂದ, ಒಮ್ಮೆ ಹೊರಗಿನಿಂದ ನೋಡಿ ಮ್ಯಾನೇಜರರ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ್ ನನ್ನ ಹತ್ತಿರ ಬಂದು, ಕೈ ಕಂಡರೆ ಸಾಕಂತೆ, ಮುಖ ಬೇಡವಂತೆ ಎಂದು ಬಹಳ ನಯವಾಗಿಯೇ ತಿಳಿಸಿದರು. ಪೀಣ್ಯದ ನಮ್ಮ ಮೆಷಿನ್ ಟೂಲ್ ಕಾರ್ಖಾನೆಯ ಹೊಸ ಪುಸ್ತಿಕೆಗೆ ನಮ್ಮ ವಿಭಾಗದ ಚಿತ್ರಗಳು ಬೇಕಾಗಿದ್ದವು. ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ಎರಡು ಕೈಗಳಿದ್ದವು. ಎದುರು ಪುಟದಲ್ಲಿ ನನ್ನ ಜೊತೆಗಾರ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು.

ನನ್ನ ಮುಖದಲ್ಲಿ ಏನು ಕೊರತೆ ಎಂದು ಫೋಟೋದವನು ಹೇಳಬೇಕಾಗಿರಲಿಲ್ಲ. ರೆಪ್ಪೆಗೂ ಹುಬ್ಬಿಗೂ ನಡುವೆ ಎಲ್ಲರಿಗೂ ತುಸು ತುಂಬಿಕೊಂಡಿರುವ ಜಾಗ ನನಗೆ ಒಳಕ್ಕೆ ಕುಸಿದಿತ್ತು. ಹೆಬ್ಬೆರಳ ತುದಿ ಇಟ್ಟರೆ ಅಲ್ಲೇ ಕೂರುವಷ್ಟು ಗುಳಿ. ಹರೆಯದಲ್ಲಿ ಟೈಫಾಯ್ಡ್ ಬಂದು ಹೋದ ಮೇಲೆ ಶುರುವಾದದ್ದು, ನಲವತ್ತು ಹತ್ತಿರವಾಗುವಾಗ ಮುಖವೆಂದರೆ ಆ ಗುಳಿಗಳೇ ಎನ್ನುವ ಹಾಗಾಗಿತ್ತು. ನಾನು ಹನಿ ಹೆಂಡ ಮುಟ್ಟಿದವನಲ್ಲ. ಆದರೂ ಸಂಬಳವಾದ ಮರುದಿನ ಗೇಟಿನ ಸೆಕ್ಯೂರಿಟಿಯವನು ಏನೋ ಕೇಳುವ ನೆಪದಲ್ಲಿ ನನ್ನ ಬಾಯಿಯ ಹತ್ತಿರ ಮೂಗು ತರುತ್ತಿದ್ದ. ಬಸ್ಸಿನಲ್ಲಿ ನನ್ನ ವಯಸ್ಸಿನವರೇ ಎದ್ದು ಜಾಗ ಬಿಡುತ್ತಿದ್ದರು. ಒಮ್ಮೆ ಶಾಲೆಗೆ ಹೋದಾಗ ಟೀಚರು ನನ್ನ ಚಿಕ್ಕ ಮಗಳನ್ನು, ನಿಮ್ಮ ತಾತ ಬಂದಿದ್ದಾರೆ ನೋಡು ಎಂದು ಕೂಗಿ ಕರೆದರು. ಅವಳು ತಿದ್ದಲಿಲ್ಲ. ಅದು ನನಗೆ ಫೋಟೋಗಿಂತ ಹೆಚ್ಚು ಚುಚ್ಚಿತ್ತು.

ನಮ್ಮದು ಸ್ಕ್ರೇಪಿಂಗ್ ಕೆಲಸ. ಗ್ರೈಂಡಿಂಗ್ ಮೆಷಿನ್ನಿನ ಉಳಿದೆಲ್ಲ ಭಾಗಗಳನ್ನು ಹೊತ್ತುಕೊಳ್ಳುವ ಎರಕದ ಕಬ್ಬಿಣದ ತಳಕ್ಕೆ ಬೆಡ್ ಎನ್ನುತ್ತಾರೆ. ಕೆತ್ತುವ ಯಂತ್ರದಿಂದ ಇಳಿದು ಬಂದ ಬೆಡ್ ಕಣ್ಣಿಗೆ ಸಪಾಟಾಗಿ ಕಂಡರೂ ಸಪಾಟಾಗಿರುವುದಿಲ್ಲ. ಕರಾರುವಾಕ್ಕಾಗಿ ಸಮ ಇರುವ ಒಂದು ಭಾರದ ಪಟ್ಟಿಗೆ ನೀಲಿ ಲೇಪವನ್ನು ತೆಳ್ಳಗೆ ಸವರಿ ಬೆಡ್ಡಿನ ಮೇಲೆ ಎಳೆದರೆ, ಎಲ್ಲೆಲ್ಲಿ ಎತ್ತರವಿದೆಯೋ ಅಲ್ಲಲ್ಲಿ ನೀಲಿ ಅಂಟುತ್ತದೆ. ಆ ನೀಲಿ ಕಲೆಗಳನ್ನು, ಉದ್ದ ಹಿಡಿಯ ಉಳಿಯನ್ನು ಸೊಂಟಕ್ಕೆ ಒತ್ತಿಕೊಂಡು, ಕೈಯಿಂದಲೇ ಹೆರೆಯಬೇಕು. ಮತ್ತೆ ನೀಲಿ ಎಳೆಯಬೇಕು, ಮತ್ತೆ ಹೆರೆಯಬೇಕು. ಹೀಗೆ ಎಷ್ಟೋ ದಿನ. ಎತ್ತರವನ್ನು ಇಳಿಸಬಹುದೇ ಹೊರತು ತಗ್ಗನ್ನು ತುಂಬಲಾಗದು. ಒಂದೇ ಕಡೆ ಕೈ ಜೋರಾಗಿ ತಗ್ಗು ಬಿದ್ದರೆ ಇಡೀ ಬೆಡ್ಡನ್ನು ಆ ಮಟ್ಟಕ್ಕೆ ಇಳಿಸಬೇಕಾಗುತ್ತದೆ. ಒಬ್ಬನ ಕೈಯ ಒತ್ತು ಇನ್ನೊಬ್ಬನಿಗೆ ಬರುವುದಿಲ್ಲವಾದ್ದರಿಂದ, ಒಬ್ಬ ಹಿಡಿದ ಬೆಡ್ಡನ್ನು ಅವನೇ ಮುಗಿಸಬೇಕು ಎನ್ನುವುದು ನಮ್ಮ ವಿಭಾಗದ, ಅಂದರೆ ಶಾಪಿನ, ಪದ್ಧತಿ. ಮುಗಿದ ಮೇಲೆ ಮೂಲೆಯಲ್ಲಿ ಅವನ ನಂಬರು ಪಂಚ್ ಮಾಡುತ್ತಿದ್ದರು.

ಆ ಭಾರದ ಪಟ್ಟಿಯ ಇನ್ನೊಂದು ತುದಿ ಹಿಡಿಯುತ್ತಿದ್ದವನೇ ನನ್ನ ಜೊತೆಗಾರ. ದಾಸರಹಳ್ಳಿ ಕಡೆಯ ರೈತರ ಮನೆಯವನು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಕೂದಲೆಂದರೆ ಅವನಿಗೆ ಪ್ರಾಣ. ಹಿಂಜೇಬಿನಲ್ಲಿ ಬಾಚಣಿಗೆ ಇಲ್ಲದೆ ಅವನು ಶಾಪಿನೊಳಗೆ ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲ. ನೀಲಿ ಮೆತ್ತಿದ ಕೈ ತಲೆಗೆ ತಾಗಬಾರದೆಂದು ಮೊಣಕೈಯಿಂದ ಹಣೆ ಒರೆಸಿಕೊಳ್ಳುತ್ತಿದ್ದ. ನಾವೆಲ್ಲ ಅವನನ್ನು ಹೀರೋ ಎಂದು ರೇಗಿಸುತ್ತಿದ್ದೆವು. ಅವನು ಕೋಪಿಸಿಕೊಳ್ಳದೆ ಇನ್ನೊಮ್ಮೆ ಬಾಚಿಕೊಳ್ಳುತ್ತಿದ್ದ.

ಅದೇ ಸುಮಾರಿಗೆ ತಗಡು ಒತ್ತುವ ಪ್ರೆಸ್ಸಿಗೆ ಬೆರಳು ಕೊಟ್ಟ ಒಬ್ಬನನ್ನು ಪೇಟೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬ ಡಾಕ್ಟರಮ್ಮ. ಅವನ ಬೆರಳಿಗೆ ಚರ್ಮ ಕಸಿ ಮಾಡಿದ ಅವರ ಕೈ ನೋಡಿ, ಒಂದೆರಡು ವಾರ ಬಿಟ್ಟು ನಾನೊಬ್ಬನೇ ಹೋದೆ. ಹೊರಗಿನ ಬೆಂಚಿನಲ್ಲಿ ನನ್ನ ಎರಡೂ ಪಕ್ಕ ಸ್ಟೌ ಸಿಡಿದು ಸುಟ್ಟ ಹೆಂಗಸರು ಕೂತಿದ್ದರು. ಒಬ್ಬಾಕೆಯ ಗದ್ದ ಎದೆಗೆ ಅಂಟಿಹೋಗಿತ್ತು. ಆಕೆ ನನ್ನತ್ತ ತಿರುಗಲಾರದೆ, ನಿಮಗೇನಾಗಿದೆ ಅಣ್ಣ ಎಂದು ನೆಲ ನೋಡಿಕೊಂಡೇ ಕೇಳಿದಳು. ನಾನು, ಕಣ್ಣು ಎಂದೆ. ಪಾಪ ಎಂದಳು.

ಡಾಕ್ಟರಮ್ಮ ನನ್ನ ರೆಪ್ಪೆ ಎತ್ತಿ ಇಳಿಸಿ ನೋಡಿದರು. ದೃಷ್ಟಿ ಸರಿ, ನೋವಿಲ್ಲ, ರೆಪ್ಪೆ ಚೆನ್ನಾಗಿ ಮುಚ್ಚುತ್ತದೆ, ಮತ್ತೆ ಯಾಕೆ ಬಂದಿರಿ ಎಂದರು. ನೋಡುವವರಿಗೆ ಕುಡುಕನ ಹಾಗೆ ಕಾಣುತ್ತೇನೆ ಎಂದೆ. ಅವರು ನಗಲಿಲ್ಲ.

"ಒಂದ್ಸಲ ನನ್ನ ವಾರ್ಡ್ ಸುತ್ತಿ ಬನ್ನಿ. ಬಂದ್ಮೇಲೂ ಬೇಕು ಅನ್ನಿಸಿದ್ರೆ ಹೇಳಿ."

ಸುತ್ತಿ ಬಂದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದೆ, ಎರಡೂ ಕಡೆ ನೋಡಿದೆ. ಬಂದು, ಬೇಕು ಎಂದೆ. ಆ ಒಂದು ಪದ ಹೇಳುವಾಗ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ. ನಾಚಿಕೆಯಾಯಿತು, ಆದರೂ ಹೇಳಿದೆ.

ಅವರು ನನಗೆ ವಿವರಿಸಿದ್ದು ಇಷ್ಟು. ಕಣ್ಣುಗುಡ್ಡೆಯ ಸುತ್ತ ಮೆತ್ತೆಯಂತೆ ಕೊಬ್ಬು ಇರುತ್ತದೆ. ಕೆಲವರಿಗೆ ಅದು ಕರಗಿ ಮೇಲಿನ ರೆಪ್ಪೆ ಒಳಗೆ ಸರಿಯುತ್ತದೆ. ಬೇರೆ ಕಡೆಯಿಂದ ಬರೀ ಕೊಬ್ಬು ತಂದು ತುಂಬಿದರೆ ಅದೂ ಕರಗಿಹೋಗುತ್ತದೆ. ಚರ್ಮದ ಮೇಲ್ಪದರ ಹೆರೆದು, ಒಳಪದರದ ಸಮೇತ ಕೊಬ್ಬನ್ನು ತೆಗೆದು ಇಟ್ಟರೆ ರಕ್ತ ಹಿಡಿದು ನಿಲ್ಲುವ ಸಂಭವ ಹೆಚ್ಚು. ಅದಕ್ಕೆ ಸೊಂಟದ ಕೆಳಗಿನ ಚರ್ಮ ಆಗುತ್ತದೆ. ಸ್ವಲ್ಪ ಕುಗ್ಗಿಯೇ ಕುಗ್ಗುವುದರಿಂದ ಬೇಕೆಂದೇ ತುಸು ಹೆಚ್ಚು ತುಂಬುತ್ತಾರೆ. ಇಂಥದ್ದನ್ನು ತಾವು ಮಾಡಿರುವುದು ಕಡಿಮೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ರಜೆ ಕೇಳಲು ನಮ್ಮ ಶಾಪಿನ ಉಸ್ತುವಾರಿ ನೋಡುವ ಚಾರ್ಜ್‌ಮನ್ ಹತ್ತಿರ ಹೋದೆ. ಅವರೂ ಹಿಂದೆ ಸ್ಕ್ರೇಪರ್ ಆಗಿದ್ದವರೇ, ನನ್ನ ಕೈ ಹಿಡಿದು ಉಳಿ ಒತ್ತುವುದನ್ನು ಕಲಿಸಿದವರು. ಕಣ್ಣಿನ ಆಪರೇಷನ್ ಸಾರ್ ಎಂದೆ. ಅವರು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟರು.

"ಎರಡೂ ಕಣ್ಣೇನಯ್ಯ?"

ಹೂಂ ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಣ್ಣು ಹೋದರೆ ಸ್ಕ್ರೇಪರಿನ ಅನ್ನ ಹೋಯಿತು ಎಂದು ಶಾಪಿನಲ್ಲಿ ಎಲ್ಲರಿಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಪ್ರತಿಯೊಬ್ಬನೂ ನನ್ನ ಹೆಗಲ ಮೇಲೆ ಕೈಯಿಟ್ಟು ಹೋದ. ನಾನು ಆಗ ಹಿಡಿದಿದ್ದ ಬೆಡ್ ಅರ್ಧವಾಗಿತ್ತು. ಜೊತೆಗಾರ ಅದಕ್ಕೆ ಗ್ರೀಸ್ ಬಳಿದು, ಮೇಲೆ ಎಣ್ಣೆಕಾಗದ ಹೊದಿಸಿ, ಹುಷಾರಾಗಿ ಬನ್ನಿ ಅಣ್ಣ, ನಿಮ್ಮ ಬೆಡ್ಡನ್ನ ಯಾರಿಗೂ ಮುಟ್ಟಕ್ಕೆ ಬಿಡಲ್ಲ ಎಂದ.

ಆಪರೇಷನ್ ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಡಾಕ್ಟರಮ್ಮ ಗುಳಿಯ ಅಂಚನ್ನು ನೇರಳೆ ಬಣ್ಣದಿಂದ ಗುರುತು ಮಾಡಿದರು. ಮಲಗಿದರೆ ಗುಳಿಯ ಆಳ ಬದಲಾಗುತ್ತದೆಯಂತೆ. ರೆಪ್ಪೆಗೆ ಸೂಜಿ ಚುಚ್ಚಿದಾಗ ಮಾತ್ರ ನೋವು, ಆಮೇಲೆ ಬರೀ ಎಳೆತ. ರೆಪ್ಪೆ ಮಡಿಚುವ ಗೆರೆಯಲ್ಲೇ ಕೊಯ್ದು, ಒಳಗೆ ಒಂದು ಚೀಲದಂತೆ ಜಾಗ ಬಿಡಿಸಿ, ಸೊಂಟದಿಂದ ತೆಗೆದ ತುಂಡನ್ನು ಕತ್ತರಿಸಿ ಕತ್ತರಿಸಿ ಅಳತೆಗೆ ತಂದು ಅದರೊಳಗೆ ಸರಿಸಿದರು. ನಡುನಡುವೆ ನನ್ನನ್ನು ಎಬ್ಬಿಸಿ ಕೂರಿಸಿ, ಮೇಲೆ ನೋಡಿ, ಕೆಳಗೆ ನೋಡಿ, ಮುಚ್ಚಿ ಎನ್ನುತ್ತಿದ್ದರು. ತಾವು ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾವು ಬೆಡ್ ನೋಡುವುದೂ ಹಾಗೇ. ಆ ಹೊತ್ತಿನಲ್ಲಿ ನನಗೆ ನಾಚಿಕೆ ಮರೆತು, ಒಳ್ಳೆಯ ಕೈಗೆ ಸಿಕ್ಕಿದ್ದೇನೆ ಎಂಬ ಖುಷಿಯೇ ಆಗಿತ್ತು.

ಮನೆಗೆ ಕಳಿಸುವಾಗ ಅವರು ಒತ್ತಿ ಹೇಳಿದ್ದು ಒಂದೇ ಮಾತು. ಕೆಲವು ತಿಂಗಳು ಗಂಟುಗಂಟಾಗಿ ಕಾಣುತ್ತದೆ, ಊದಿದಂತೆ ಇರುತ್ತದೆ, ತಾನಾಗಿಯೇ ಕೂರುತ್ತದೆ, ನೀವು ಕೈ ಹಚ್ಚಬೇಡಿ.

ಆಪರೇಷನ್ ಯಾತಕ್ಕೆ ಎಂದು ತಿಳಿದಿದ್ದವಳು ನನ್ನ ಹೆಂಡತಿ ಒಬ್ಬಳೇ. ಮೊದಲು ನಕ್ಕಳು, ಆಮೇಲೆ ಅತ್ತಳು. "ಈ ವಯಸ್ಸಲ್ಲಿ ಯಾರಿಗೆ ತೋರ್ಸಕ್ಕೆ? ನಂಗೆ ಹೆಂಗಿದ್ರೂ ಸರಿ ಇತ್ತು" ಎಂದಳು. ಆದರೆ ಅವಳಿಗೆ ನಿಜವಾಗಿ ಕಷ್ಟವಾದದ್ದು ಶಾಪಿನವರು ಬರತೊಡಗಿದ ಮೇಲೆ. ಕೆಲಸ ಮುಗಿಸಿ ಇಬ್ಬಿಬ್ಬರಾಗಿ ಬರುತ್ತಿದ್ದರು, ಎಳನೀರು, ಮೂಸಂಬಿ ತರುತ್ತಿದ್ದರು, ಬಾಗಿಲಲ್ಲೇ ಚಪ್ಪಲಿ ಸದ್ದಾಗದಂತೆ ಬಿಟ್ಟು ಒಳಗೆ ಬಂದು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಅವಳು ಅಡುಗೆಮನೆಯಿಂದ ಈಚೆಗೇ ಬರುತ್ತಿರಲಿಲ್ಲ. ಪಾಪ, ಅತ್ತಿಗೆ ಎಷ್ಟು ನೊಂದ್ಕೊಂಡಿದಾರೆ ಎಂದು ಅವರು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಜೊತೆಗಾರನಂತೂ ಭಾನುವಾರ ಬೆಳಿಗ್ಗೆ ಬಂದು ಕೂತು, ನನ್ನ ಕಣ್ಣಿಗೆ ಶ್ರಮವಾಗಬಾರದೆಂದು ಪತ್ರಿಕೆಯನ್ನು ಮೊದಲ ಪುಟದಿಂದ ಓದಿ ಹೇಳುತ್ತಿದ್ದ. ಅವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, ಬೆವರಿ, ಮತ್ತೆ ಮುಂದುವರಿಸುತ್ತಿದ್ದ. ಸಾಕು ಕಣೋ ಎಂದರೂ ಕೇಳುತ್ತಿರಲಿಲ್ಲ. ನಾನು ಹತ್ತಿಪಟ್ಟಿಯ ಹಿಂದೆ ಕಣ್ಣು ಮುಚ್ಚಿಕೊಂಡು, ಇವನು ಯಾವಾಗ ಎದ್ದು ಹೋಗುತ್ತಾನಪ್ಪ ಎಂದು ಕಾಯುತ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಕನ್ನಡಿ ನೋಡಿದೆ. ಬಲಗಣ್ಣು ಹೇಳಿ ಮಾಡಿಸಿದ ಹಾಗಿತ್ತು. ಎಡಗಣ್ಣಿನಲ್ಲಿ ಮಾತ್ರ ಮೂಗಿನ ಕಡೆಗೆ ಒಂದು ಗಂಟು. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬೆರಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಹದಿನೈದು ವರ್ಷಗಳಿಂದ ಎತ್ತರ ಹುಡುಕುವುದೇ ಕೆಲಸವಾಗಿದ್ದ ಬೆರಳು. ಕೂತಲ್ಲಿ ನಿಂತಲ್ಲಿ ಅದು ತಾನಾಗಿ ಎಡಗಣ್ಣಿನ ಮೇಲಕ್ಕೆ ಹೋಗುತ್ತಿತ್ತು. ಮುಟ್ಟಬೇಡಿ ಎಂದದ್ದು ನೆನಪಿತ್ತು. ಆದರೆ ಎತ್ತರ ತಾನಾಗಿಯೇ ಕೂರುತ್ತದೆ ಎಂಬುದನ್ನು ನಂಬಲು ನನ್ನ ಕೈಗೆ ಆಗಲಿಲ್ಲ. ಎತ್ತರ ಯಾವತ್ತೂ ತಾನಾಗಿ ಕೂರುವುದಿಲ್ಲ, ಇಳಿಸಬೇಕು. ಮಧ್ಯಾಹ್ನ ಹೆಂಡತಿ ಬಟ್ಟೆ ಒಗೆಯಲು ಹೋದಾಗ ತುಪ್ಪ ಹಚ್ಚಿದ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕತೊಡಗಿದೆ. ಮೊದಲು ನೋವಾಯಿತು. ವಾರ ಕಳೆಯುವಲ್ಲಿ ಗಂಟು ಕರಗಿದಂತೆ ಅನ್ನಿಸಿತು. ಇನ್ನೂ ತಿಕ್ಕಿದೆ. ಗೆದ್ದೆ ಅಂದುಕೊಂಡೆ.

ಒಂದು ಬೆಳಿಗ್ಗೆ ಹೆಂಡತಿ ಕಾಫಿ ಕೊಡುತ್ತಾ, ನಿದ್ದೆಯಲ್ಲಿ ನಿಮ್ಮ ಎಡಗಣ್ಣು ಪೂರ್ತಿ ಮುಚ್ಚಿರುವುದಿಲ್ಲ, ಬಿಳಿ ಗುಡ್ಡೆ ಕಾಣುತ್ತಿರುತ್ತದೆ ಎಂದಳು. ಕನ್ನಡಿಯ ಮುಂದೆ ಮೆಲ್ಲಗೆ ಕಣ್ಣು ಮುಚ್ಚಿ ನೋಡಿದೆ. ಬಲರೆಪ್ಪೆ ಕೂತಿತು. ಎಡರೆಪ್ಪೆ ಅರ್ಧಕ್ಕೆ ನಿಂತಿತು, ಒಳಗೆ ಯಾರೋ ಹೊಲಿಗೆ ಹಾಕಿ ಎಳೆದ ಹಾಗೆ. ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಹೋದರೆ ತಿಕ್ಕಿದ್ದನ್ನು ಹೇಳಬೇಕು. ಅದರ ಬದಲು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋದೆ.

ಬೆಡ್ ಹಾಗೆಯೇ ಕಾಯುತ್ತಿತ್ತು. ಅದನ್ನು ಬೇರೆಯವನಿಂದ ಮುಗಿಸಿ ಕಳಿಸಿ ಎಂದು ಮ್ಯಾನೇಜರ್ ಹೇಳಿದ್ದರಂತೆ. ಚಾರ್ಜ್‌ಮನ್, ಆ ಕೈ ಬರುವ ತನಕ ಆಗದು ಎಂದು ಹೇಳಿ ಎಲ್ಲರೆದುರು ಬೈಸಿಕೊಂಡಿದ್ದರಂತೆ. ಇದನ್ನು ನನಗೆ ಹೇಳಿದವನು ಜೊತೆಗಾರ, ಎಣ್ಣೆಕಾಗದ ತೆಗೆಯುತ್ತಾ. ನಾನು ಉಳಿ ಹಿಡಿದೆ.

ಮೊದಲ ಒಂದೆರಡು ದಿನ ಹೇಗೋ ನಡೆಯಿತು. ಆಮೇಲೆ ಎಡಗಣ್ಣಿನಲ್ಲಿ ಮರಳು ಹಾಕಿದಂತೆ ಉರಿ. ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತಿತ್ತು, ಒಂದು ಕಣ್ಣಿನ ನೀರು ಎರಡೂ ಕಣ್ಣನ್ನು ಕೆಡಿಸುತ್ತಿತ್ತು. ನಮ್ಮ ಕೆಲಸದಲ್ಲಿ ನೀಲಿಯ ದಟ್ಟ ತೆಳುವಿನಲ್ಲೇ ಎಲ್ಲ ಇರುವುದು. ದಟ್ಟವಾಗಿ ಕೂತದ್ದು ತೀರಾ ಎತ್ತರವಲ್ಲ, ಅದರ ತುಸು ಪಕ್ಕದ್ದು. ಪಟ್ಟಿ ಒತ್ತಿ ಉಜ್ಜಿ ನೀಲಿ ಅಳಿಸಿಹೋಗಿ ನಡುವೆ ಬಿಳುಪು ಮಿನುಗುವುದೇ ನಿಜವಾದ ಎತ್ತರ. ಆ ಬಿಳುಪು ನನಗೆ ಕಾಣಲಿಲ್ಲ. ಕಂಡಂತೆ ಅನ್ನಿಸಿದ ಕಡೆ ಹೆರೆದೆ. ಇನ್ನೂ ಇದೆ ಅನ್ನಿಸಿ ಮತ್ತೆ ಹೆರೆದೆ. ಜೊತೆಗಾರ ಒಂದು ಸಲ, ಅಣ್ಣ, ಅಲ್ಲಿ ಸಾಕೇನೋ ಎಂದ. ನಾನು ಅವನ ಮೇಲೆ ರೇಗಿದೆ. ಕೂದಲು ಬಾಚ್ಕೊಂಡಷ್ಟು ಸುಲಭ ಅಲ್ಲ ಇದು ಎಂದೆ. ಅವನು ಪಟ್ಟಿಗೆ ಮತ್ತೆ ನೀಲಿ ಸವರತೊಡಗಿದ.

ಸಂಜೆ ಚಾರ್ಜ್‌ಮನ್ ಬಂದು ಆ ಜಾಗದ ಮೇಲೆ ಸಮ ನೋಡುವ ಲೆವೆಲ್ ಇಟ್ಟರು. ಅದರ ಗಾಜಿನೊಳಗಿನ ಗುಳ್ಳೆ ಒಂದು ಕಡೆಗೆ ಓಡಿಹೋಗಿ ನಿಂತಿತು. ಇನ್ನೊಂದು ಕಡೆ ತಿರುಗಿಸಿ ಇಟ್ಟರು. ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬೆಡ್ಡಿನ ಹತ್ತಿರ ಹೋದರು. ಇಡೀ ಬೆಡ್ಡನ್ನು ಇಳಿಸಬೇಕಾದಷ್ಟು ತಗ್ಗು ತೋಡಿದ್ದೆ. ಚಾರ್ಜ್‌ಮನ್ ಬೆಡ್ಡಿನ ವಿಷಯ ಎತ್ತಲೇ ಇಲ್ಲ. ನನ್ನ ಕಪ್ಪು ಕನ್ನಡಕವನ್ನು ತಾವೇ ತೆಗೆದು ಕಣ್ಣು ನೋಡಿದರು. ನಾಳೆ ನಾನೇ ಜೊತೆಗೆ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ ಎಂದರು. ಬೇಡ ಸಾರ್, ನಾನೊಬ್ಬನೇ ಹೋಗಿಬರುತ್ತೇನೆ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಣ್ಣು ಕಾಣದವನನ್ನು ಬಸ್ಸಿನಲ್ಲಿ ಒಬ್ಬನೇ ಕಳಿಸುವುದು ಹೇಗೆ ಎಂಬುದು ಅವರ ಚಿಂತೆ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಹಳದಿ ಬಣ್ಣದ ಒಂದು ಹನಿ ಹಾಕಿ ನೀಲಿ ದೀಪದಲ್ಲಿ ನೋಡಿದರು. ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಬಣ್ಣ ಅಂಟಿತು. ರೆಪ್ಪೆ ಮುಚ್ಚದೆ ಒಣಗಿ ಅಲ್ಲಿ ಗಾಯವಾಗಿದೆ, ಅದು ಆಳವಾದರೆ ಬಿಳಿ ಹೂ ಬಿದ್ದು ದೃಷ್ಟಿ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಾನು ಶಾಪಿನಲ್ಲಿ ಎಲ್ಲರೂ ನಂಬಲು ಬಿಟ್ಟಿದ್ದ ಸುಳ್ಳು ನಿಜವಾಗುವುದರಲ್ಲಿತ್ತು. ಚಾರ್ಜ್‌ಮನ್ ಕೈ ಕಟ್ಟಿ ನಿಂತು, ಇವನ ರೋಗ ಎಂಥದ್ದು ಮೇಡಂ, ಆಪರೇಷನ್ ಮಾಡಿದ್ದೂ ಹಿಡೀಲಿಲ್ವಾ ಎಂದು ಕೇಳಿದರು.

"ರೋಗ ಎಲ್ಲಿತ್ತು ಇವರಿಗೆ? ನೋಡಕ್ಕೆ ಚೆನ್ನಾಗಿರ್ಲಿ ಅಂತ ಇವರೇ ಕೇಳಿ ಮಾಡಿಸ್ಕೊಂಡಿದ್ದು. ಮುಟ್ಟಬೇಡಿ ಅಂತ ಹೇಳಿ ಕಳಿಸಿದ್ದೆ. ತಿಕ್ಕಿ ತಿಕ್ಕಿ ಒಳಗೆಲ್ಲ ಗಂಟು ಹಾಕ್ಕೊಂಡು ಬಂದಿದಾರೆ."

ಚಾರ್ಜ್‌ಮನ್ ನನ್ನನ್ನು ನೋಡಲಿಲ್ಲ. ಗೋಡೆಯ ಕಡೆ ನೋಡುತ್ತಾ ನಿಂತರು. ಡಾಕ್ಟರಮ್ಮ ಮುಂದುವರಿಸಿದರು. ಇಟ್ಟ ತುಂಡನ್ನು ತೆಗೆದು, ಅಂಟಿಕೊಂಡದ್ದನ್ನು ಬಿಡಿಸಿದರೆ ರೆಪ್ಪೆ ಮುಚ್ಚಬಹುದು. ಗುಳಿ ಮಾತ್ರ ವಾಪಸು ಬರುತ್ತದೆ, ಮೊದಲಿಗಿಂತ ಆಳವಾಗಿಯೇ. ಇಲ್ಲವಾದರೆ ಮುಲಾಮು ಹಾಕಿ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಿ ಕೆಲವು ತಿಂಗಳು ಕಾಯಬಹುದು, ಮೆತ್ತಗಾದರೂ ಆಗಬಹುದು. ಆದರೆ ಕಣ್ಣಿನ ಮೇಲೆ ಆಸೆ ಇದ್ದರೆ ಕಾಯಬಾರದು ಎಂಬುದು ಅವರ ಅಭಿಪ್ರಾಯ.

ಆಗ ನಾನು ಕೇಳಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ತೆಗೀದೇ ಸರಿ ಮಾಡಕ್ಕಾಗಲ್ವಾ ಮೇಡಂ, ಬಲಗಣ್ಣು ಎಷ್ಟು ಚೆನ್ನಾಗಿ ಬಂದಿದೆ ಎಂದೆ. ಚಾರ್ಜ್‌ಮನ್ ಬಾಗಿಲು ತೆಗೆದು ಹೊರಗೆ ಹೋದರು. ಬಾಗಿಲು ಮುಚ್ಚುವ ಮೊದಲು ಆ ಸಂದಿಯಲ್ಲಿ ಬೆಂಚು ಕಂಡಿತು, ಬೆಂಚಿನ ಮೇಲೆ ಕಾಯುತ್ತಿದ್ದವರು ಕಂಡರು. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ತೆಗೆದುಬಿಡಿ ಎಂದೆ. ಹಾಗಿದ್ದರೆ ಬಲಗಡೆಯದನ್ನೂ ತೆಗೆದುಬಿಡಿ, ಎರಡೂ ಒಂದೇ ಸಮ ಇರಲಿ ಎಂದೂ ಕೇಳಿಕೊಂಡೆ. ಚೆನ್ನಾಗಿರುವ ಕಣ್ಣಿಗೆ ಕತ್ತಿ ಹಾಕುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಅಲ್ಲೇ ಸೇರಿಸಿಕೊಂಡರು. ಎರಡನೇ ಆಪರೇಷನ್ನಿನಲ್ಲಿ ಮೊದಲಿನ ಹಾಗೆ ಎಬ್ಬಿಸಿ ಕೂರಿಸಿ ನೋಡುವುದು ಇರಲಿಲ್ಲ. ಬಹಳ ಹೊತ್ತು ಬಿಡಿಸಿದರು. ಗಾಯ ಮಾಯುವ ತನಕ ರೆಪ್ಪೆಗಳನ್ನು ಒಂದಕ್ಕೊಂದು ಅರ್ಧ ಹೊಲಿದು ಇಟ್ಟಿದ್ದರು. ಹೊಲಿಗೆ ಬಿಚ್ಚಿದ ದಿನ ಎಡಗಣ್ಣು ಮುಚ್ಚಿತು, ತೆರೆಯಿತು, ಕಂಡಿತು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಮಂಜು ಉಳಿದಿದೆ, ನೋಟಕ್ಕೆ ಅಡ್ಡ ಬರುವುದಿಲ್ಲ. ಅಂದಿನಿಂದ ನನಗೆ ಒಂದು ಕಣ್ಣು ತುಂಬಿದ್ದು, ಒಂದು ಗುಳಿ ಬಿದ್ದದ್ದು.

ಚಾರ್ಜ್‌ಮನ್ ಮನೆಗೆ ಬಂದು ಎರಡು ವಿಷಯ ಹೇಳಿ ಹೋದರು. ಪದ್ಧತಿ ಮುರಿದು ಶಾಪಿನವರೆಲ್ಲ ಒಟ್ಟಾಗಿ, ಶಿಫ್ಟ್ ಮುಗಿದ ಮೇಲೂ ನಿಂತು ಆ ಬೆಡ್ಡನ್ನು ಇಳಿಸಿ ಮುಗಿಸಿದ್ದಾರೆ. ಮೂಲೆಯಲ್ಲಿ ನನ್ನ ನಂಬರನ್ನೇ ಹೊಡೆದಿದ್ದಾರೆ, ಹುಷಾರಿಲ್ಲದವನ ಹೆಸರು ಕೆಡಬಾರದೆಂದು. ಎರಡನೆಯದು, "ಆಸ್ಪತ್ರೆಲಿ ಕೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ. ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು ಕಣಯ್ಯ." ಹೆಂಡತಿ ತಂದ ಕಾಫಿಯನ್ನು ಅವರು ನಿಂತುಕೊಂಡೇ ಕುಡಿದರು.

ಕೆಲಸಕ್ಕೆ ಹೋದ ದಿನ ಎಲ್ಲರೂ ಸುತ್ತ ನೆರೆದರು. ಕಣ್ಣು ಉಳೀತಲ್ಲ, ಅಷ್ಟು ಸಾಕು ಬಿಡು ಎಂದರು. ಜೊತೆಗಾರ ರಜೆಯಲ್ಲಿದ್ದ. ಒಂ‍ದೆರಡು ದಿನದ ಮೇಲೆ ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು ಬಂದ. ಬಂದವನೇ ಕೈತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ಕರೆದು, ಪೇಪರಿನಲ್ಲಿ ಸುತ್ತಿದ ಲಾಡನ್ನು ಕೈಗಿಟ್ಟ. ಟೋಪಿ ತೆಗೆದ. ತಲೆ ನುಣ್ಣಗೆ ಬೋಳಾಗಿತ್ತು.

"ತಿರುಪತಿಗೆ ಹೋಗಿದ್ದೆ ಅಣ್ಣ. ಚಾರ್ಜ್‌ಮನ್ ನಿಮ್ಮನ್ನ ಕರ್ಕೊಂಡು ಹೋದ್ರಲ್ಲ, ಆವತ್ತೇ ಹರಸ್ಕೊಂಡಿದ್ದೆ, ಅಣ್ಣನ ಕಣ್ಣು ಉಳಿದ್ರೆ ಮುಡಿ ಕೊಡ್ತೀನಿ ಅಂತ."

ಅವನು ನಗುತ್ತಿದ್ದ. ನಾನು ರೇಗಿದ್ದರ ನೆನಪೂ ಅವನಿಗಿದ್ದಂತಿರಲಿಲ್ಲ. ಆ ಲಾಡನ್ನು ತಿಂದು ಅರಗಿಸಿಕೊಂಡರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು. ಅಲ್ಲೇ, ಆ ನಲ್ಲಿಯ ಹತ್ತಿರವೇ, ಹೇಳಿಬಿಟ್ಟೆ. ಕಣ್ಣಿಗೆ ರೋಗವೇ ಇರಲಿಲ್ಲ, ಗುಳಿ ಚೆನ್ನಾಗಿ ಕಾಣುವುದಿಲ್ಲವೆಂದು ತುಂಬಿಸಿಕೊಳ್ಳಲು ಹೋಗಿದ್ದೆ, ನಾನೇ ತಿಕ್ಕಿ ಕೆಡಿಸಿಕೊಂಡೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುತ್ತಾ ಹೋದಂತೆ ಎದೆಯ ಮೇಲಿನ ಭಾರ ಇಳಿದು, ನನಗೆ ಅಳುವೂ ಬಂತು.

ಅವನು ಅಳಲಿಲ್ಲ, ಬೈಯಲೂ ಇಲ್ಲ. ಕೈ ತಾನಾಗಿ ಹಿಂಜೇಬಿಗೆ ಹೋಯಿತು, ಅಲ್ಲಿ ಬಾಚಣಿಗೆ ಇರಲಿಲ್ಲ. ಟೋಪಿ ಹಾಕಿಕೊಂಡ. ನಲ್ಲಿ ತಿರುಗಿಸಿ, ಕೊಳೆಯೇ ಇರದ ಕೈಯನ್ನು ಬಹಳ ಹೊತ್ತು ತೊಳೆದ.

"ಇದನ್ನ ನಂಗ್ಯಾಕೆ ಹೇಳಿದ್ರಿ ಅಣ್ಣ? ಖುಷಿಯಾಗಿ ಬೆಟ್ಟ ಇಳಿದು ಬಂದಿದ್ದೆ. ಹೇಳ್ದೇ ಇದ್ದಿದ್ರೆ ಹಂಗೇ ಇರ್ತಿದ್ದೆ. ಈಗ ನಿಮಗೆ ಹಗುರ ಆಯ್ತು, ಅಷ್ಟೇ ಅಲ್ವಾ?"

ಅವನು ಹೇಳಿದ್ದು ನಿಜವೇ ಆಗಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಒಂದೇ ಟೇಬಲ್ಲಿಗೆ ಕೂತೆವು. ಯಾರೋ ಅವನ ಟೋಪಿ ಎಳೆದರು. ಬೋಳುತಲೆ ಕಂಡು ಗಲಾಟೆಯಾಯಿತು, ಹೀರೋಗೆ ಏನಾಯ್ತೋ ಎಂದು ನಕ್ಕರು. ಅವನೂ ನಕ್ಕ. ಯಾರಿಗೋಸ್ಕರ ಮಗಾ ಮುಡಿ ಕೊಟ್ಟಿದ್ದು ಎಂದು ಒಬ್ಬ ಕೇಳಿದ. ನಾನು ತಟ್ಟೆ ನೋಡುತ್ತಾ ಕೂತೆ. ಈಗ ಹೇಳುತ್ತಾನೆ, ಹೇಳಲಿ, ಇಡೀ ಟೇಬಲ್ಲಿಗೆ ಹೇಳಲಿ ಎಂದು ಕಾದೆ.

"ನಮ್ಮವ್ವಂಗೆ ಹುಷಾರಿರ್ಲಿಲ್ಲ" ಎಂದ.

ನಗು ನಿಂತಿತು. ಏನಾಗಿತ್ತು, ಯಾವ ಡಾಕ್ಟರು, ಈಗ ಊಟ ಸೇರುತ್ತಾ ಎಂದು ಒಬ್ಬೊಬ್ಬರಾಗಿ ವಿಚಾರಿಸಿದರು. ಅವನು ಅನ್ನ ಕಲಸುತ್ತಾ ಒಬ್ಬೊಬ್ಬರಿಗೂ ಏನೋ ಒಂದು ಹೇಳಿದ. ಸುತ್ತು ನನ್ನ ಹತ್ತಿರ ಬಂತು. ನಾನೊಬ್ಬನೇ ಕೇಳದೆ ಉಳಿದಿದ್ದೆ, ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅವ್ವ ಈಗ ಹೇಗಿದ್ದಾರೆ ಎಂದು ನಾನೂ ಕೇಳಬೇಕಾಯಿತು.

ಅವನು ತಲೆಯೆತ್ತಿ ಮೊದಲ ಸಲ ನನ್ನ ಎಡಗಣ್ಣನ್ನೂ ಬಲಗಣ್ಣನ್ನೂ ಸರಿಯಾಗಿ ನೋಡಿದ.

"ಈಗ ಪರವಾಗಿಲ್ಲ ಸಾರ್" ಎಂದ.